ಸುದ್ದಿ ಹೋಗದ ಒಂದು ಮಧ್ಯಾಹ್ನ

ಆ ಬೆಳಿಗ್ಗೆ ಗಾಳಿಗೆ ತಲೆ ಕೆಟ್ಟಿತ್ತು. ಮಳೆಯನ್ನಾದರೂ ತಂದೀತೇ ಎಂದರೆ ಇಲ್ಲ, ಮೋಡವನ್ನಾದರೂ ಚದುರಿಸೀತೇ ಎಂದರೆ ಅದೂ ಇಲ್ಲ. ಬೀದಿಯ ಆ ತುದಿಯ ಧೂಳನ್ನು ಈ ತುದಿಗೆ ತಂದು, ಈ ತುದಿಯದನ್ನು ಆ ತುದಿಗೆ ಒಯ್ದು, ಮಾಡಲು ಕೆಲಸವಿಲ್ಲದ ಮೇಲಧಿಕಾರಿಯಂತೆ ಸುಮ್ಮನೆ ಓಡಾಡುತ್ತಿತ್ತು. ದೇವರು ಗಾಳಿಗೂ ಒಂದು ಕೆಲಸ ವಹಿಸಿರುತ್ತಾನೆ, ನಮ್ಮ ಕಣ್ಣಿಗೆ ಕಾಣದಷ್ಟೇ ಎಂದು ಸಮಾಧಾನ ಹೇಳಿಕೊಳ್ಳುವವರುಂಟು. ಕೋಟೊಂದನ್ನು ಎದೆಗೆ ಅವಚಿಕೊಂಡು ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಹೆಂಗಸಿಗೆ ಮಾತ್ರ ಅಷ್ಟು ತಾಳ್ಮೆ ಉಳಿದಿರಲಿಲ್ಲ.

ಆಕೆ ನೆರವು ಕೇಂದ್ರದಲ್ಲಿ ಕೆಲಸ ಮಾಡುವವಳು. ಮನೆಯೊಳಗೇ ಉಸಿರು ಕಟ್ಟಿದ ಹೆಂಗಸರ ಮಾತು ಕೇಳುವುದು, ಠಾಣೆಗೆ ಜೊತೆಯಾಗಿ ಹೋಗುವುದು, ಹೊರಗೆ ಬಂದವರಿಗೆ ಇರಲು ಒಂದು ಜಾಗ ಹುಡುಕುವುದು ಆಕೆಯ ಕೆಲಸ. ಅಂಗಡಿಯಲ್ಲಿ ಇದು ಒಬ್ಬಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಉಳಿದವರ ಪಾಲಿಗೆ ಆಕೆ ಕೋಟಿನ ಮೇಡಂ. ತಿಂಗಳುಗಳಿಂದ ಅದೇ ಕೋಟನ್ನು ಒಮ್ಮೆ ಸಡಿಲ ಮಾಡಿಸಲು ಬರುತ್ತಾಳೆ, ಒಮ್ಮೆ ಬಿಗಿ ಮಾಡಿಸಲು. ಹೋದ ಸಲ ಇಳಿಸಿದ ತೋಳನ್ನು ಈ ಸಲ ಏರಿಸಿ ಎನ್ನುತ್ತಾಳೆ.

"ಬಂದ್ರಾ ಮೇಡಂ? ಈ ಸಲ ಹಿಗ್ಗಿದೀರೋ, ಕುಗ್ಗಿದೀರೋ?" ಎಂದು ಕಿಟಕಿಯ ಬಳಿಯ ದೊಡ್ಡ ಮೇಜಿನಿಂದ ಕೇಳಿದವಳು ಅಂಗಡಿಯ ಹಿರಿಯಳು. ಹೆಸರೇನೋ ಇತ್ತು; ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ದೊಡ್ಡಮ್ಮ ಎಂದು. ದೇವರು ಮನುಷ್ಯರಿಗೆ ಕಿವಿ ಎರಡು, ಬಾಯಿ ಒಂದೇ ಕೊಟ್ಟನಂತೆ. ಈಕೆಯ ಸರದಿ ಬಂದಾಗ ಅವನ ಗಮನ ಎಲ್ಲೋ ಇತ್ತು. ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಬೀದಿಯಲ್ಲಿ ಕಂಡದ್ದು ಮರುಕ್ಷಣ ಬಾಯಲ್ಲಿರುತ್ತಿತ್ತು. ಆದರೆ ಕೆಟ್ಟ ಮನಸ್ಸಿನವಳಲ್ಲ. ಯಾರಿಗೆ ಜ್ವರ ಬಂದರೂ ಮೊದಲು ಓಡುವವಳು ಅವಳೇ, ಜ್ವರ ಬಂದಿದೆಯೆಂದು ಊರಿಗೆಲ್ಲ ಹೇಳುವವಳೂ ಅವಳೇ.

ಕೋಟಿನ ಮೇಡಂ ನಕ್ಕಂತೆ ಮಾಡಿ, ಮೂಲೆಯಲ್ಲಿ ಪರದೆ ಕಟ್ಟಿದ ಜಾಗಕ್ಕೆ ಹೋದಳು. ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಜಾಗ ಅದು. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹಿಂದೆಯೇ ಬಂದವಳನ್ನು ಅಂಗಡಿಯಲ್ಲಿ ಪಟಾಕಿ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ನಕ್ಕರೆ ಕೆಳಗಿನ ಔಷಧದಂಗಡಿಯವನೂ ತಲೆಯೆತ್ತಿ ನೋಡುತ್ತಿದ್ದನಂತೆ. ಈಗ ನಗು ಹೋಗಿ ಹೆಸರು ಉಳಿದಿತ್ತು, ಬಾವಿ ಮುಚ್ಚಿದ ಮೇಲೂ ಬಾವಿಕಟ್ಟೆ ಬೀದಿ ಎಂಬ ಹೆಸರು ಉಳಿಯುವಂತೆ.

ಪರದೆಯ ಹಿಂದಿನ ಆ ಚೂರು ಜಾಗದಲ್ಲಿಯೇ, ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ಅಂಚು ಮಡಚುತ್ತ, ಪಟಾಕಿ ತನ್ನ ಬದುಕನ್ನು ತುಣುಕು ತುಣುಕಾಗಿ ಹೇಳಿದ್ದಳು. ಬೇರೆಲ್ಲಿಯೂ ಹೇಳುವಂತಿರಲಿಲ್ಲ. ಅವಳ ಮೊಬೈಲ್ ಎಲ್ಲಿ ಹೋದರೂ ಗಂಡನ ಮೊಬೈಲಿನಲ್ಲಿ ಕಾಣುತ್ತಿತ್ತು. ಅದು ಸಾಲದೆಂದು ಅವನು ಹೊತ್ತು ಹೊತ್ತಿಗೆ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದ. ಆ ಕರೆಯ ಸುತ್ತ ಅಂಗಡಿಯಲ್ಲೊಂದು ರೂಢಿಯೇ ಬೆಳೆದಿತ್ತು. "ಅಳಿಯ ದೇವರ ಫೋನು" ಎಂದು ಯಾರಾದರೂ ಕೂಗುವರು. ರೇಡಿಯೋ ದೊಡ್ಡಮ್ಮ ಕೈಗೆ ಕೆಲಸ ತಪ್ಪಬಾರದೆಂದು ಸ್ಪೀಕರ್ ಗುಂಡಿ ಒತ್ತುವಳು. ಪಟಾಕಿ ಏನು ಮಾಡುತ್ತಿದ್ದಾಳೆ, ಏನು ತಿಂದಳು, ಯಾರೊಡನೆ ಮಾತಾಡಿದಳು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳುವಳು. ಆ ಕಡೆಯಿಂದ ಅವನು ನಗುವನು, ಈ ಕಡೆ ಇವರು ನಗುವರು. ಎಂಥಾ ಗಂಡ, ಕಡಲೆ ಇದ್ದವಳಿಗೆ ಹಲ್ಲೂ ಕೊಟ್ಟ ದೇವರು ಎಂದು ಎಲ್ಲರಿಗೂ ಹೊಟ್ಟೆಕಿಚ್ಚು.

ಒಮ್ಮೆ ಅವಳು ಮನೆ ಬಿಟ್ಟು ಹೊರಡುವ ಏರ್ಪಾಡು ಆಗಿತ್ತು. ಕೇಂದ್ರದ ಇನ್ನೊಬ್ಬಳು ಎದುರು ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದಳು. ಪಟಾಕಿ ಮೊಬೈಲನ್ನು ಮಷೀನಿನ ಮೇಲೆ ಬಿಟ್ಟು, ದಾರ ತರುತ್ತೇನೆಂದು ಇಳಿದುಹೋದಳು. ಅಷ್ಟರಲ್ಲಿ ಫೋನು ಬಂತು. ರೇಡಿಯೋ ದೊಡ್ಡಮ್ಮ ಕಿಟಕಿಯಿಂದ ನೋಡಿ, ಇಗೋ ರಸ್ತೆ ದಾಟುತ್ತಿದ್ದಾಳೆ, ಬಿಳಿ ಕಾರಿನವಳ ಜೊತೆ ಮಾತಾಡುತ್ತಿದ್ದಾಳೆ, ಗಾಬರಿ ಬೇಡ ಎಂದು ನೇರಪ್ರಸಾರ ಮಾಡಿದಳು. ಅವನ ಕಚೇರಿ ಹತ್ತಿರದಲ್ಲೇ. ಕಾರಿನ ಬಾಗಿಲು ಮುಚ್ಚುವ ಮೊದಲೇ ಸ್ವೆಟರ್ ಹಿಡಿದುಕೊಂಡು ಬಂದ. ಇದನ್ನು ಮರೆತು ಬಂದಿದ್ದೆಯಲ್ಲ ಎಂದು ಹೆಂಡತಿಯ ಹೆಗಲಿಗೆ ಹೊದಿಸಿದ. ಜೊತೆಗಿದ್ದುದಕ್ಕೆ ಉಪಕಾರವಾಯಿತೆಂದು ಕಾರಿನವಳಿಗೆ ಕೈಮುಗಿದ. ಬೆಣ್ಣೆಯಿಂದ ಕೂದಲು ಎಳೆದಂತೆ ಕರೆದುಕೊಂಡು ಹೋದ.

ಅಂದಿನಿಂದ ಕೋಟಿನ ಮೇಡಂಗೆ ಮೈಯೆಲ್ಲ ಉರಿ. ಠಾಣೆಗೆ ಹೋದರೆ, ಗಾಯ ಎಲ್ಲಿ ಎಂದು ಕೇಳಿದರು. ಕೇಂದ್ರದ ಮುಖ್ಯಸ್ಥರು ಕನ್ನಡಕ ಒರೆಸುತ್ತ, ಕೈ ಮಾಡಿಲ್ಲವಲ್ಲ, ದೂರು ಬರೆದುಕೊಡಲು ಕಷ್ಟ ಎಂದರು. ಆಕೆಯ ಸ್ವಂತ ಅಕ್ಕ ಕೂಡ, ಫೋನು ಮಾಡುವುದೇ ತಪ್ಪಾದರೆ ನಿನ್ನ ಭಾವ ದೇವರಂಥವರು ಬಿಡು ಎಂದು ನಕ್ಕಳು. ಹೊಡೆದಿದ್ದಾನಾ, ಹೊಡೆದಿದ್ದಾನಾ, ಹೊಡೆದಿದ್ದಾನಾ. ಗೋರ್ಕಲ್ಲ ಮೇಲೆ ಮಳೆ ಹೊಯ್ದಂತೆ ಆಕೆ ಎಲ್ಲರಿಗೂ ಹೇಳಿದ್ದೇ ಹೇಳಿದಳು: ಅವನಿಗೆ ಹೊಡೆಯುವ ಅಗತ್ಯವೇ ಬಿದ್ದಿಲ್ಲ. ಯಾವ ಬಟ್ಟೆ, ಎಷ್ಟು ಊಟ, ಯಾರೊಡನೆ ಮಾತು, ಯಾವಾಗ ನಿದ್ದೆ ಎಲ್ಲವೂ ಅವನದೇ. ಬೀಗ ಹಾಕಿದ ಮನೆಯಾದರೆ ಬೀಗವನ್ನಾದರೂ ತೋರಿಸಬಹುದು. ಇಲ್ಲಿ ಬೀಗವೇ ನಗುನಗುತ್ತ ಸ್ವೆಟರ್ ಹಿಡಿದು ಬರುತ್ತದೆ.

ಇವತ್ತು ಉಳಿದಿದ್ದ ಕೊನೆಯ ದಿನ. ಗಂಡ ಊರಾಚೆ ಹೊಸ ಮನೆ ನೋಡಿದ್ದ, ಅಕ್ಕಪಕ್ಕ ಮನೆಗಳಿಲ್ಲದ ಕಡೆ. ನಾಳೆಯಿಂದ ದುಡಿಯುವುದು ಬೇಡ, ಮನೆಯಲ್ಲಿ ರಾಣಿಯಂತಿರು ಎಂದಿದ್ದ. ಅಂಗಡಿಯವರೆಲ್ಲ ಬೆಳಿಗ್ಗೆಯಿಂದ ಪಟಾಕಿಗೆ ಶುಭ ಕೋರುತ್ತಿದ್ದರು. ಮಧ್ಯಾಹ್ನ ಹಿಂದಿನ ಓಣಿಗೆ ಕೇಂದ್ರದ ವ್ಯಾನು ಬರುತ್ತದೆ. ಬೇರೆ ಊರಿನಲ್ಲಿ ಕೋಣೆಯೊಂದಿದೆ, ಹೊಲಿಗೆ ಕೆಲಸವೂ ಇದೆ. ಬೇಕಾದದ್ದು ಅವನಿಗೆ ಸುದ್ದಿ ಹೋಗದ ಒಂದು ಮಧ್ಯಾಹ್ನ ಮಾತ್ರ.

"ಹಿಂದಿನ ಮೆಟ್ಟಿಲಿಂದ ಇಳಿದು ಬಂದ್ಬಿಡು," ಎಂದು ಮೇಡಂ ಪಿಸುಗುಟ್ಟಿದಳು. "ಯಾರಿಗೂ ಏನೂ ಹೇಳ್ಬೇಡ."

ಪಟಾಕಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ತಾನು ಕಾಣದಿದ್ದರೆ ದೊಡ್ಡಮ್ಮ ಹುಡುಕದೆ ಬಿಡುವವಳಲ್ಲ, ಹುಡುಕಿದ್ದನ್ನು ಅವನಿಗೆ ಹೇಳದೆಯೂ ಇರುವವಳಲ್ಲ. ಅದಕ್ಕಿಂತ ಎಲ್ಲರಿಗೂ ಹೇಳಿಯೇ ಹೋಗುತ್ತೇನೆ ಎಂದಳು.

ಮೇಡಂಗೆ ತಲೆ ಚಚ್ಚಿಕೊಳ್ಳುವಂತಾಯಿತು. ರೇಡಿಯೋದ ಕಿವಿಯಲ್ಲಿ ಗುಟ್ಟು ಹೇಳುವುದುಂಟೇ? ಹೋದ ಸಲ ಆದದ್ದು ಸಾಲದೇ? ಕೇಂದ್ರದ ಅನುಭವ, ಬೇರೆ ಹೆಂಗಸರ ಕತೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಸುಮ್ಮನೆ ನಾನು ಹೇಳಿದಷ್ಟು ಮಾಡು ಎಂದಳು.

ಪಟಾಕಿ ನೆಲ ನೋಡುತ್ತಿದ್ದವಳು ತಲೆಯೆತ್ತಿದಳು. "ಅವರೂ ಹಾಗೇ ಅಂತಾರೆ ಮೇಡಂ," ಎಂದಳು ಮೆಲ್ಲಗೆ.

ಮೇಡಂ ಬಾಯಿ ಮುಚ್ಚಿತು. ಕೋಪ ಎಂಬುದು ಒಳ್ಳೆಯ ಕೆಲಸಕ್ಕೆ ಹೊರಟಾಗಲೂ ದಾರಿಯಲ್ಲಿ ಯಾರ ಕಾಲನ್ನು ತುಳಿಯುತ್ತದೆ ಎಂದು ನೋಡುವುದಿಲ್ಲ. ಆಮೇಲೆ ಮೇಡಂ ಕೋಟು ಕಳಚಿ ಮಡಚಿ, ಸರಿ, ನೀನು ಹೇಳು, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದಳು.

ಅಂಗಡಿಯಲ್ಲಿದ್ದವರು ಮೂವರು. ರೇಡಿಯೋ ದೊಡ್ಡಮ್ಮ, ಗುಂಡಿಗಳ ಕಣ್ಣು ಹೊಲಿಯುವ ಕಾಜಾದವಳು, ಬಿಲ್ಲು ಬರೆಯುತ್ತ ಕೂತ ಯಜಮಾನಿ. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಇಸ್ತ್ರಿಯ ಬಿಸಿ ಕೋಣೆಯಲ್ಲೇ ಸುತ್ತುತ್ತಿತ್ತು. ಪಟಾಕಿ ತನ್ನ ಮಷೀನಿನ ಬಳಿ ನಿಂತು, ನಾನು ಇವತ್ತು ಆ ಮನೆಗೆ ವಾಪಸು ಹೋಗುವುದಿಲ್ಲ, ಮಧ್ಯಾಹ್ನ ಬೇರೆ ಕಡೆ ಹೋಗುತ್ತೇನೆ, ದಯವಿಟ್ಟು ಅವರಿಗೆ ಹೇಳಬೇಡಿ ಎಂದಳು. ಕೋಟಿನ ಮೇಡಂ ತಾನು ಯಾರೆಂದು ಹೇಳಿದಳು.

ಮಷೀನುಗಳು ನಿಂತವು.

"ಹೊಡೀತಾನಾ?" ಎಂದಳು ಕಾಜಾದವಳು.

"ಇಲ್ಲ."

"ಕುಡೀತಾನಾ? ಬೇರೆ ಯಾರಾದ್ರೂ ಇದಾಳಾ?"

"ಇಲ್ಲ."

"ಮತ್ತೆ ಏನಮ್ಮಾ ನಿನಗೆ ರೋಗ?" ಎಂದಳು ರೇಡಿಯೋ ದೊಡ್ಡಮ್ಮ. ಆಮೇಲೆ ಮೇಡಂ ಕಡೆ ತಿರುಗಿದಳು. "ನೀವು ಕೋಟು ಹೊಲಿಸೋಕೆ ಬರ್ತಿದ್ರೋ, ಸಂಸಾರ ಬಿಚ್ಚೋಕೆ ಬರ್ತಿದ್ರೋ? ನನ್ನ ಗಂಡ ಇದ್ದಷ್ಟು ದಿನ ನಾನು ಸತ್ತಿದೀನಾ ಬದುಕಿದೀನಾ ಅಂತ ಒಂದು ಫೋನ್ ಮಾಡ್ಲಿಲ್ಲ. ಕೇಳೋ ಗಂಡನ್ನ ಬಿಟ್ಟು ಹೋಗು ಅಂತ ಹೇಳ್ಕೊಡ್ತೀರಲ್ಲ."

ಕಾಜಾದವಳು ತನ್ನ ಗಂಡನನ್ನು ಬೇಕಾದರೆ ಬದಲಿಗೆ ಕೊಡುತ್ತೇನೆಂದಳು. ಮೇಲೆ ಹೊಲಿಗೆ ಮಷೀನನ್ನೂ ಕೊಡುತ್ತಾಳಂತೆ. ಯಜಮಾನಿ, ಅಂಗಡಿಯ ಹೆಸರು ಕೆಡುವುದು ಬೇಡ, ದೊಡ್ಡವರ ಮುಂದೆ ಗಂಡ ಹೆಂಡತಿಯನ್ನು ಕೂರಿಸಿ ಮಾತಾಡಿಸೋಣ ಎಂದಳು. ಎದುರಿಗೆ ಕೂರಿಸಿದರೆ ಅವನೇ ಮಾತಾಡುತ್ತಾನೆ, ಅವಳು ತಲೆಯಾಡಿಸುತ್ತಾಳೆ, ನೀವೆಲ್ಲ ಕಣ್ಣೊರೆಸಿಕೊಂಡು ಕಳಿಸಿಕೊಡುತ್ತೀರಿ ಎಂದು ಮೇಡಂ ಹೇಳಿದಳು. ಹೆದರಿಕೆಗೆ ಬಣ್ಣವಿರುವುದಿಲ್ಲ, ಬಾಸುಂಡೆಯ ಹಾಗೆ ತೋರಿಸಲಾಗುವುದಿಲ್ಲ ಎಂದಳು. ಮೂವರೂ ಕಿವುಡರ ಮನೆಗೆ ಬಂದ ಹಾಡುಗಾರನನ್ನು ನೋಡುವಂತೆ ನೋಡಿದರು. ಮೇಡಂಗೆ ಕೋಟನ್ನು ನೆಲಕ್ಕೆ ಎಸೆದು ಮನೆಗೆ ಹೋಗಿ ಮಲಗಿಬಿಡಬೇಕೆನ್ನಿಸಿತು.

ಆಗ ಪಟಾಕಿ ಹೇಳಿದಳು. "ದೊಡ್ಡಮ್ಮಾ, ಬಾಯಾರಿಕೆ ಆದ್ರೆ ನೀರು ಕುಡಿಯೋಕೆ ಮುಂಚೆ, ಕುಡೀಲಾ ಅಂತ ಅವರನ್ನ ಮನಸ್ಸಲ್ಲೇ ಕೇಳ್ತೀನಿ. ಅವರು ಇಲ್ಲಿಲ್ಲ ಅಂತ ಆಮೇಲೆ ನೆನಪಾಗತ್ತೆ."

"ಅದು ಗೌರವ ಕಣೇ," ಎಂದಳು ದೊಡ್ಡಮ್ಮ. ಆದರೆ ಅವಳ ದನಿಯ ಗಟ್ಟಿತನ ಸ್ವಲ್ಪ ಸಡಿಲಿತ್ತು.

ಫೋನು ಬಡಿದುಕೊಂಡಿತು. ಈ ಸಲ ಅಳಿಯ ದೇವರು ಎಂದು ಯಾರೂ ಕೂಗಲಿಲ್ಲ. ರೇಡಿಯೋ ದೊಡ್ಡಮ್ಮ ಮೇಡಂ ಕಡೆ ಒಂದು ನೋಟ ಬೀರಿದಳು. ಆ ಹುಡುಗನ ಚಿನ್ನದಂಥ ಗುಣವನ್ನು ಈಗಲೇ ತೋರಿಸಿಬಿಡುತ್ತೇನೆ ಎಂಬ ಹಟ ಅದರಲ್ಲಿತ್ತು. ಸ್ಪೀಕರ್ ಒತ್ತಿದಳು.

"ಊಟ ಆಯ್ತಾ ದೊಡ್ಡಮ್ಮ? ನಮ್ಮವಳು ಏನು ಮಾಡ್ತಿದಾಳೆ?" ದನಿ ಹಿತವಾಗಿತ್ತು, ಮಗುವಿಗೆ ಲಾಲಿ ಹೇಳುವವನ ದನಿಯಂತೆ.

"ಇವತ್ತು ಅವಳ ಕೊನೇ ದಿನ ಅಲ್ವೇನಪ್ಪಾ. ಅದಕ್ಕೇ ಇವತ್ತು ಸುದ್ದಿಗೆ ರಜಾ. ಮನೆಗೆ ಬಂದ ಮೇಲೆ ಅವಳನ್ನೇ ಕೇಳ್ಕೋ." ನೋಡಿ, ಈಗ ನಕ್ಕು ಫೋನಿಡುತ್ತಾನೆ ಎಂಬಂತೆ ಹುಬ್ಬು ಹಾರಿಸಿದಳು.

ಅವನು ನಕ್ಕದ್ದು ನಿಜ. ಆದರೆ ಇಡಲಿಲ್ಲ. "ರಜೆಯೆಲ್ಲ ನಾಳೆಯಿಂದ ದೊಡ್ಡಮ್ಮ, ಇವತ್ತೊಂದಿನ ನೋಡ್ಕೊಂಡುಬಿಡಿ. ನಿಮ್ಮ ಉಪಕಾರ ನಾನು ಮರೆಯೋನಲ್ಲ. ಅವಳು ಬಾಯಿ ತೆರೆದು ನಗ್ತಾಳೆ ಅಂತ ನೀವು ಹೇಳದಿದ್ರೆ ನನಗೆಲ್ಲಿ ಗೊತ್ತಾಗ್ತಿತ್ತು? ಬಿಡಿಸಿದೆ. ನಿಮ್ಮ ಜೊತೆ ಡಬ್ಬಿ ಹಂಚ್ಕೊಂಡು ತಿಂತಾಳೆ ಅಂದ್ರಿ, ಅದೂ ಬಿಡಿಸಿದೆ. ಅಲ್ಲಿಂದ ತಂಗಿಗೆ ಫೋನ್ ಮಾಡ್ತಾಳೆ ಅಂದ್ರಿ. ಒಂದೊಂದಕ್ಕೂ ಬೆಳಗಾಗೋ ತನಕ ಎದುರಿಗೆ ನಿಲ್ಲಿಸಿ ತಿಳಿ ಹೇಳಬೇಕಾಯ್ತು, ಅಷ್ಟೇ. ನಾನು ಕೈ ಎತ್ತೋನಲ್ಲ. ನೀವಿದ್ದಿದ್ದಕ್ಕೇ ಅವಳು ದಾರಿಗೆ ಬಂದಳು."

ಹೊರಗೆ ಗಾಳಿ ಬೋರ್ಡೊಂದನ್ನು ಬಡಿಯುತ್ತಲೇ ಇತ್ತು. ರೇಡಿಯೋ ದೊಡ್ಡಮ್ಮ ಫೋನನ್ನೇ ನೋಡುತ್ತ ನಿಂತಳು, ಹುತ್ತದೊಳಗೆ ಕೈಯಿಟ್ಟ ಮೇಲೆ ಅದು ಹುತ್ತ ಎಂದು ತಿಳಿದವಳ ಹಾಗೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಅವಳು ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದುಂಟು. ತಾನು ಅಕ್ಕರೆಯಿಂದ ಆಡಿದ ಒಂದೊಂದು ಮಾತೂ ಸಂಜೆ ಆ ಮನೆ ಸೇರಿ ಈ ಹುಡುಗಿಯನ್ನು ರಾತ್ರಿಯಿಡೀ ನಿಲ್ಲಿಸಿತ್ತು.

"ದೊಡ್ಡಮ್ಮಾ? ಇದೀರಾ? ಯಾರಾದ್ರೂ ಬಂದಿದಾರಾ ಅಲ್ಲಿ?"

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡಳು. "ಯಾರೂ ಇಲ್ಲ ಕಣಪ್ಪ. ಈ ಗಾಳಿಗೆ ಯಾರು ಬರ್ತಾರೆ. ಗುಂಡಿ ಹಾಕ್ತಾ ಕೂತಿದಾಳೆ, ತಲೆ ಎತ್ತಿಲ್ಲ."

ಅದು ಆ ರೇಡಿಯೋದಿಂದ ಹೊರಟ ಮೊದಲ ಸುಳ್ಳು ಸುದ್ದಿ. ಹೇಳಿ ಮುಗಿಸಿ ಸ್ಪೀಕರ್ ಆರಿಸಿದಳು.

ಮೇಡಂ ಬಳಿ ಹೇಳಲು ಬೇಕಾದಷ್ಟಿತ್ತು. ನೋಡಿದಿರಾ ಎಂಬ ಒಂದು ಮಾತಂತೂ ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ನಕ್ಕಿದ್ದಕ್ಕಾ?" ಎಂದು ದೊಡ್ಡಮ್ಮ ಕೇಳಿದಳು.

ಪಟಾಕಿ ತಲೆಯಾಡಿಸಿದಳು.

"ಬೆಳಗಿನ ತನಕ ನಿಲ್ಲಿಸಿದ್ನಾ?"

"ಕೂತ್ರೆ ಮತ್ತೆ ಮೊದಲಿಂದ ಹೇಳ್ತಿದ್ರು."

ಕಾಜಾದವಳು ಮುಖ ಆ ಕಡೆ ತಿರುಗಿಸಿಕೊಂಡಳು. ಗಂಡನನ್ನು ಬದಲಾಯಿಸಿಕೊಳ್ಳುವ ಮಾತು ಮತ್ತೆ ಎತ್ತಲಿಲ್ಲ. ಯಜಮಾನಿ ಎದ್ದು, ಗಾಳಿಗೆ ಕರೆಂಟು ಹೋಗಿದೆ ಎಂದು ಬರೆದು ಸಂಜೆಯ ಮೊದಲೇ ಅಂಗಡಿ ಮುಚ್ಚೋಣ, ಆಮೇಲೆ ಬಂದವನು ಬೀಗ ನೋಡಿಕೊಳ್ಳಲಿ ಎಂದಳು. ಪಟಾಕಿ ತಾನಾಗಿ ಮನಸಾರೆ ಹೋಗುತ್ತಿದ್ದಾಳೆಂದು ಠಾಣೆಗೆ ತಿಳಿಸುವುದು ತನ್ನ ಕೆಲಸ, ಅವನು ಇಲ್ಲಿ ಗಲಾಟೆ ಮಾಡಿದರೆ ಕರೆಯಬೇಕಾದ ನಂಬರು ಇದು ಎಂದು ಮೇಡಂ ಹೇಳಿದಳು. ಎಲ್ಲಿಗೆ ಹೋಗುತ್ತಾಳೆಂದು ಮಾತ್ರ ಹೇಳಲಿಲ್ಲ. ರೇಡಿಯೋ ದೊಡ್ಡಮ್ಮನೇ ಕೈ ಅಡ್ಡ ಹಿಡಿದು, ನನ್ನ ಕಿವಿಗೆ ಹಾಕಬೇಡಿ, ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ ಎಂದಳು.

ವ್ಯಾನು ತಡ ಮಾಡಿತು. ಎಲ್ಲೋ ಮರ ಬಿದ್ದಿದೆಯಂತೆ. ಹೊರಡುವ ದಿನವೇ ಮರ ಬೀಳಬೇಕೇ ಎಂದು ಮೇಡಂ ಮೊಬೈಲನ್ನು ಕೈಯಲ್ಲಿ ತಿರುವುತ್ತ ಓಡಾಡಿದಳು. ಕಾಜಾದವಳು ಊಟದ ಡಬ್ಬಿ ತೆರೆದು ಪಟಾಕಿಯ ಮುಂದೆ ಸರಿಸಿದಳು. ಪಟಾಕಿ ನಾಲ್ಕು ತುತ್ತು ತಿಂದಳು.

ಕೊನೆಗೆ ಓಣಿಯಲ್ಲಿ ಹಾರ್ನು ಕೇಳಿತು. ಅದೇ ಹೊತ್ತಿಗೆ ಫೋನು. ಮಷೀನಿನ ಮೇಲೆ ಚಿಂದಿ ಬಟ್ಟೆಯ ನಡುವೆ ಬಿಟ್ಟಿದ್ದ ಪಟಾಕಿಯ ಮೊಬೈಲೂ ಹೊರಳಾಡಿತು. ಅವನಿಗೆ ಹೆಂಡತಿಯ ದನಿ ಬೇಕಾಗಿತ್ತು. ಅವಳಿಗೇ ಕೊಡಿ ಎಂದ.

"ಕೊಡ್ತಿದ್ದೆ ಕಣಪ್ಪಾ," ಎಂದಳು ರೇಡಿಯೋ ದೊಡ್ಡಮ್ಮ, ಬಲು ಸಾವಕಾಶವಾಗಿ. "ಪರದೆ ಹಿಂದೆ ಒಬ್ಬ ದಪ್ಪನೆ ಹೆಂಗಸಿಗೆ ಅಳತೆ ತಗೋತಿದಾಳೆ. ಆಕೆ ಅರ್ಧ ಬಟ್ಟೇಲಿದಾಳೆ. ಫೋನ್ ಒಳಗೆ ಕೊಟ್ಟು, ಗಂಡಸರ ದನಿ ಬಂತು ಅಂತ ಆಕೆ ಕಿರುಚಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು ಹೇಳು?" ಆಮೇಲೆ ಆ ದಪ್ಪನೆ ಹೆಂಗಸಿನ ಕತೆ ಶುರುವಾಯಿತು. ಅವಳ ಮಗಳ ಮದುವೆ, ಮೂರು ಸಲ ಕೆಟ್ಟುಹೋದ ರವಿಕೆ, ಬೀಗರ ಸೊಕ್ಕು. ಇಲ್ಲದ ಹೆಂಗಸು ಇದ್ದವಳಿಗಿಂತ ಜೀವಂತವಾಗಿ ಕೋಣೆಯ ನಡುವೆ ಬಂದು ನಿಂತಳು. ಆ ಕಡೆ ಅವನು ಹೂಂ, ಹೂಂ ಎನ್ನುತ್ತಲೇ ಇದ್ದ. ಕತೆ ಹೇಳುವ ಬಾಯನ್ನು ದೇವರು ಈಕೆಗೆ ಯಾತಕ್ಕೆ ಕೊಟ್ಟಿದ್ದನೋ, ಅದು ಇಷ್ಟು ವರ್ಷ ತಪ್ಪು ಮನೆಯಲ್ಲಿ ಚಾಕರಿ ಮಾಡಿತ್ತು.

ಸಂಜೆ ನೀನೇ ಬಂದು ಕರ್ಕೊಂಡು ಹೋಗು ಎಂದು ಮುಗಿಸಿ, ಫೋನಿಟ್ಟು, ದೊಡ್ಡಮ್ಮ ಹಿಂದಿನ ಮೆಟ್ಟಿಲ ಬಳಿ ಬಂದಳು. ಪಟಾಕಿ ಆಗಲೇ ಎರಡು ಮೆಟ್ಟಿಲು ಇಳಿದಿದ್ದಳು. ಕೈಯಲ್ಲಿ ಒಂದು ಪುಟ್ಟ ಚೀಲ. ಕೆಳಗೆ ಮೇಡಂ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದಳು, ಬೇಗ ಎಂದು ಕೂಗಬಾರದೆಂದು ತುಟಿ ಕಚ್ಚಿಕೊಂಡು.

ಕಿಟಕಿಯ ಬಳಿಯ ದೊಡ್ಡ ಮೇಜು ಮೊದಲು ಪಟಾಕಿಯದಾಗಿತ್ತು. ಬಟ್ಟೆ ಕತ್ತರಿಸುವುದರಲ್ಲಿ ಅವಳ ಕೈಗೆ ಸಮನಿರಲಿಲ್ಲ. ಹೆಂಡತಿಯ ಮಣಿಕಟ್ಟು ನೋಯುತ್ತದೆ, ಹಗುರ ಕೆಲಸ ಕೊಡಿ ಎಂದು ಗಂಡ ಬಂದು ಯಜಮಾನಿಯಲ್ಲಿ ಕೇಳಿಕೊಂಡ ಮೇಲೆ ಅವಳು ಗುಂಡಿ ಹಾಕುವುದಕ್ಕೆ ಸರಿದಳು, ಮೇಜು ದೊಡ್ಡಮ್ಮನ ಪಾಲಾಯಿತು. ಮೇಜಿನ ಜೊತೆಗೇ ಅದರ ಮೇಲಿದ್ದ ಭಾರದ ಕತ್ತರಿಯೂ ಬಂತು. ಅದು ಅಂಗಡಿಯದಲ್ಲ, ಪಟಾಕಿ ತವರಿನಿಂದ ತಂದದ್ದು. ಅವಳು ಕೇಳಲಿಲ್ಲ, ಇವಳು ಕೊಡಲಿಲ್ಲ.

ದೊಡ್ಡಮ್ಮ ಸೆರಗಿನೊಳಗಿಂದ ಆ ಕತ್ತರಿಯನ್ನು ತೆಗೆದಳು. ಅಸ್ತರಿನ ಬಟ್ಟೆಯ ತುಂಡೊಂದರಲ್ಲಿ ಅಲಗುಗಳನ್ನು ಸುತ್ತಿ, ದಾರದಿಂದ ಕಟ್ಟಿದ್ದಳು; ಹಿಡಿಗಳನ್ನು ಅವಳ ಕಡೆ ಮಾಡಿ ಚಾಚಿದಳು. ಪಟಾಕಿ ಮೇಲಿನ ಮೆಟ್ಟಿಲಿಗೆ ಬಂದು ಕತ್ತರಿಯನ್ನು ತೆಗೆದುಕೊಂಡಳು.